‘ಗೊತ್ತಿದ್ದರೆ ಹೇಳುತ್ತಿದ್ದೆ’: ಇಂಗ್ಲಿಷಿನ ಷರತ್ತು ವಾಕ್ಯಗಳಲ್ಲಿ ಕನ್ನಡಿಗರು ಎಡವುವುದೆಲ್ಲಿ?

‘ಗೊತ್ತಿದ್ದರೆ ಹೇಳುತ್ತಿದ್ದೆ.’ ಈ ಎರಡು ಪದಗಳನ್ನು ಇಂಗ್ಲಿಷಿನಲ್ಲಿ ಹೇಳಲು ಹೊರಟರೆ ಎರಡು ಬೇರೆ ಬೇರೆ ವಾಕ್ಯಗಳು ಎದುರಾಗುತ್ತವೆ. ನೀವು ಈಗ ಕೇಳುತ್ತಿದ್ದೀರಿ, ನನಗೆ ಈಗ ಗೊತ್ತಿಲ್ಲ ಎಂದಾದರೆ ‘ಇಫ್ ಐ ನ್ಯೂ, ಐ ವುಡ್ ಟೆಲ್ ಯು’. ನೀವು ನಿನ್ನೆ ಕೇಳಿದ್ದಿರಿ, ಆಗ ನನಗೆ ಗೊತ್ತಿರಲಿಲ್ಲ ಎಂದಾದರೆ ‘ಇಫ್ ಐ ಹ್ಯಾಡ್ ನೋನ್, ಐ ವುಡ್ ಹ್ಯಾವ್ ಟೋಲ್ಡ್ ಯು’. ಕನ್ನಡದಲ್ಲಿ ಯಾವುದು ಎಂಬುದನ್ನು ಸಂದರ್ಭ ನೋಡಿಕೊಳ್ಳುತ್ತದೆ. ಇಂಗ್ಲಿಷಿನಲ್ಲಿ ಕ್ರಿಯಾಪದವೇ ಅದನ್ನು ಹೇಳಬೇಕು.

ಝೀರೋ, ಫಸ್ಟ್, ಸೆಕೆಂಡ್, ಥರ್ಡ್ ಎಂಬ ನಾಲ್ಕು ಕಂಡೀಷನಲ್‌ಗಳ ಸೂತ್ರವನ್ನು ಬಾಯಿಪಾಠ ಮಾಡಿದವರೂ ಮಾತಿನಲ್ಲಿ ತಪ್ಪುವುದು ಇದೇ ಕಾರಣಕ್ಕೆ. ಸೂತ್ರ ಗೊತ್ತಿರುತ್ತದೆ; ಮನಸ್ಸಿನಲ್ಲಿ ಮೂಡಿದ ಕನ್ನಡ ವಾಕ್ಯ ಯಾವ ಸೂತ್ರಕ್ಕೆ ಸೇರಬೇಕು ಎಂಬುದು ಗೊತ್ತಿರುವುದಿಲ್ಲ. ಆದ್ದರಿಂದ ಇಲ್ಲಿ ಸೂತ್ರಗಳಿಗಿಂತ ಹೆಚ್ಚಾಗಿ ಆ ವಿಂಗಡಣೆಯ ಬಗ್ಗೆಯೇ ಮಾತು.

ಕೇಳಿಕೊಳ್ಳಬೇಕಾದ ಎರಡು ಪ್ರಶ್ನೆ

ಷರತ್ತು ವಾಕ್ಯಕ್ಕೆ ಎರಡು ಭಾಗ. ‘ಇಫ್’ ಇರುವುದು ಷರತ್ತಿನ ಭಾಗ, ಇನ್ನೊಂದು ಫಲದ ಭಾಗ. ವಾಕ್ಯ ಕಟ್ಟುವ ಮೊದಲು ಷರತ್ತಿನ ಬಗ್ಗೆ ಹೀಗೆ ಕೇಳಿಕೊಳ್ಳಿ: ಇದು ನಿಜವಾಗುವ ದಾರಿ ಇನ್ನೂ ತೆರೆದಿದೆಯೇ, ಅಥವಾ ಇದು ಬರೀ ಕಲ್ಪನೆಯೇ? ಕಲ್ಪನೆಯಾದರೆ, ಈಗಿನ ಅಥವಾ ಮುಂದಿನ ಮಾತೋ, ಆಗಿಹೋದ ಮಾತೋ?

ದಾರಿ ತೆರೆದಿದ್ದರೆ ‘ಇಫ್’ ಭಾಗದಲ್ಲಿ ವರ್ತಮಾನಕಾಲ. ಈಗಿನ ಅಥವಾ ಮುಂದಿನ ಕಲ್ಪನೆಯಾದರೆ ಒಂದು ಹೆಜ್ಜೆ ಹಿಂದಕ್ಕೆ, ಅಂದರೆ ಭೂತಕಾಲ. ಆಗಿಹೋದದ್ದರ ಕಲ್ಪನೆಯಾದರೆ ಇನ್ನೂ ಒಂದು ಹೆಜ್ಜೆ ಹಿಂದಕ್ಕೆ, ಅಂದರೆ ‘ಹ್ಯಾಡ್’ ಮತ್ತು ಕ್ರಿಯಾಪದದ ಮೂರನೇ ರೂಪ (‘ಗೋ, ವೆಂಟ್, ಗಾನ್’ ಎಂಬುದರಲ್ಲಿ ‘ಗಾನ್’). ಇಡೀ ವ್ಯವಸ್ಥೆ ಇಷ್ಟರ ಮೇಲೆ ನಿಂತಿದೆ.

ಇಲ್ಲಿ ಒಪ್ಪಿಕೊಳ್ಳಲು ಕಷ್ಟವಾಗುವ ಸಂಗತಿ ಒಂದೇ. ಇಂಗ್ಲಿಷಿನ ಭೂತಕಾಲದ ರೂಪ ಯಾವಾಗಲೂ ಕಳೆದ ಕಾಲವನ್ನೇ ಹೇಳುವುದಿಲ್ಲ. ಮಾತನ್ನು ವಾಸ್ತವದಿಂದ ದೂರ ಸರಿಸುವ ಕೆಲಸವೂ ಅದಕ್ಕಿದೆ. ‘ಇಫ್ ಯು ಕೇಮ್ ಟುಮಾರೋ, ಯು ವುಡ್ ಮೀಟ್ ಹರ್’ ಎಂಬ ವಾಕ್ಯದಲ್ಲಿ ‘ಕೇಮ್’ ಜೊತೆಗೆ ‘ಟುಮಾರೋ’ ಕೂತಿದೆ. ಕಾಲದ ಲೆಕ್ಕದಲ್ಲಿ ಇದು ಅಸಂಬದ್ಧ, ಕಲ್ಪನೆಯ ಲೆಕ್ಕದಲ್ಲಿ ಸರಿ. ಹಾಗೆ ನೋಡಿದರೆ ಕನ್ನಡಿಗರಿಗೆ ಇದು ವಿಚಿತ್ರ ಎನಿಸಬೇಕಿಲ್ಲ. ‘ನಾಳೆ ಬಂದರೆ’ ಎನ್ನುವಾಗ ನಾವೂ ‘ಬಂದ’ ಎಂಬ ಭೂತರೂಪಕ್ಕೆ ‘ಅರೆ’ ಸೇರಿಸಿ ನಾಳೆಯ ಮಾತಾಡುತ್ತೇವೆ. ವ್ಯತ್ಯಾಸ ಏನೆಂದರೆ, ನಮ್ಮಲ್ಲಿ ಎಲ್ಲ ಷರತ್ತಿಗೂ ಅದೇ ರೂಪ. ಇಂಗ್ಲಿಷಿನಲ್ಲಿ ಆಗಲಾರದ, ಆಗುವುದು ಅನುಮಾನವಾದ ಷರತ್ತಿಗೆ ಮಾತ್ರ. ಕಲ್ಪನೆ ಎಂಬುದನ್ನು ಕನ್ನಡ ಮುಖ್ಯವಾಗಿ ಫಲದ ಭಾಗದಲ್ಲಿ ತೋರಿಸುತ್ತದೆ: ‘ಬಂದರೆ ಹೋಗುತ್ತೇನೆ’ ತೆರೆದ ಮಾತು, ‘ಬಂದರೆ ಹೋಗುತ್ತಿದ್ದೆ’ ಕಲ್ಪನೆ. ಇಂಗ್ಲಿಷಿನಲ್ಲಿ ಎರಡೂ ಭಾಗಗಳು ಒಟ್ಟಿಗೆ ಹಿಂದೆ ಸರಿಯಬೇಕು. ಒಂದನ್ನು ಸರಿಸಿ ಇನ್ನೊಂದನ್ನು ಮರೆತರೆ ‘ಇಫ್ ಐ ಹ್ಯಾವ್ ಟೈಮ್, ಐ ವುಡ್ ಹೆಲ್ಪ್ ಯು’ ಎಂಬಂಥ ಅರ್ಧಂಬರ್ಧ ವಾಕ್ಯ ಹುಟ್ಟುತ್ತದೆ. ಕೇಳುವವರಿಗೆ ಸಮಯ ಸಿಗಬಹುದೋ, ಇಲ್ಲವೇ ಇಲ್ಲವೋ ತಿಳಿಯುವುದಿಲ್ಲ.

ತೆರೆದ ಷರತ್ತು: ‘ವಿಲ್’ ಎಲ್ಲಿ ಬೇಡ

‘ಮಳೆ ಬಂದರೆ ಮನೆಯಲ್ಲೇ ಇರುತ್ತೇವೆ’ ಎಂಬುದು ‘ಇಫ್ ಇಟ್ ರೇನ್ಸ್, ವಿ ವಿಲ್ ಸ್ಟೇ ಹೋಮ್’ ಆಗುತ್ತದೆ. ಇದು ಫಸ್ಟ್ ಕಂಡೀಷನಲ್. ಮಳೆ ಬರುವುದು ನಾಳೆಯಾದರೂ ‘ಇಫ್ ಇಟ್ ವಿಲ್ ರೇನ್’ ಅಲ್ಲ. ಭವಿಷ್ಯವನ್ನು ಫಲದ ಭಾಗದ ‘ವಿಲ್’ ಆಗಲೇ ಹೇಳಿಬಿಟ್ಟಿದೆ, ಷರತ್ತಿನಲ್ಲಿ ಮತ್ತೆ ಹೇಳುವ ಅಗತ್ಯ ಇಂಗ್ಲಿಷಿಗಿಲ್ಲ. ‘ವೆನ್’, ‘ಅಂಟಿಲ್’, ‘ಬಿಫೋರ್’, ‘ಆಫ್ಟರ್’, ‘ಆಸ್ ಸೂನ್ ಆಸ್’ ಇವುಗಳ ಮುಂದೆಯೂ ಇದೇ ನಿಯಮ: ‘ವೆನ್ ಶಿ ಕಮ್ಸ್, ಐ ವಿಲ್ ಟೆಲ್ ಹರ್’.

ಫಲದ ಭಾಗದಲ್ಲಿ ‘ವಿಲ್’ ಮಾತ್ರವೇ ಬರಬೇಕೆಂದೇನೂ ಇಲ್ಲ. ‘ಕ್ಯಾನ್’, ‘ಮೇ’, ‘ಮೈಟ್’, ‘ಶುಡ್’, ‘ಮಸ್ಟ್’ ಯಾವುದಾದರೂ ಬರಬಹುದು, ಆಜ್ಞೆಯೂ ಬರಬಹುದು. ‘ಇಫ್ ದ ಫೋನ್ ರಿಂಗ್ಸ್, ಡೋಂಟ್ ಆನ್ಸರ್ ಇಟ್.’ ಪಠ್ಯಗಳು ‘ವಿಲ್’ ಒಂದನ್ನೇ ತೋರಿಸಿ ಬಿಡುವುದರಿಂದ ಕಲಿಯುವವರು ‘ಬರಬಹುದು’, ‘ಹೋಗಬಹುದು’ ಎನ್ನಬೇಕಾದಲ್ಲೂ ‘ವಿಲ್’ ಹಾಕಿ, ಅನುಮಾನದ ಮಾತನ್ನು ಭರವಸೆಯನ್ನಾಗಿ ಮಾಡಿಬಿಡುತ್ತಾರೆ.

ಝೀರೋ ಕಂಡೀಷನಲ್ ಎನ್ನುವುದು ಸದಾ ಸತ್ಯವಾದ ಮಾತಿಗೆ. ‘ಇಫ್ ಯು ಹೀಟ್ ಐಸ್, ಇಟ್ ಮೆಲ್ಟ್ಸ್.’ ಎರಡೂ ಕಡೆ ವರ್ತಮಾನಕಾಲ. ಕನ್ನಡದ ‘ಕರಗುತ್ತದೆ’ ಸದಾ ನಡೆಯುವುದಕ್ಕೂ ನಾಳೆ ನಡೆಯುವುದಕ್ಕೂ ಒಂದೇ ಆದ್ದರಿಂದ ಇಲ್ಲಿ ‘ವಿಲ್’ ನುಸುಳುತ್ತದೆ. ಪರೀಕ್ಷೆ ಸುಲಭ: ‘ಕಾಯಿಸಿದರೆ’ ಎಂಬುದನ್ನು ‘ಕಾಯಿಸಿದಾಗಲೆಲ್ಲ’ ಎಂದು ಬದಲಿಸಿ ನೋಡಿ. ಅರ್ಥ ಕೆಡದಿದ್ದರೆ ‘ವಿಲ್’ ಬೇಡ. ‘ಮಳೆ ಬಂದರೆ ಮನೆಯಲ್ಲೇ ಇರುತ್ತೇವೆ’ ಎಂಬುದು ನಾಳೆಯೊಂದರ ಮಾತಾದರೆ ‘ಬಂದಾಗಲೆಲ್ಲ’ ಹೊಂದುವುದಿಲ್ಲ, ಹಾಗಾಗಿ ‘ವಿಲ್’ ಬೇಕು. ಈ ಜಾಗದಲ್ಲಿ ತಪ್ಪಿದರೂ ದೊಡ್ಡ ಅನಾಹುತವಿಲ್ಲ. ‘ಇಟ್ ವಿಲ್ ಮೆಲ್ಟ್’ ಎಂದರೂ ಅರ್ಥವಾಗುತ್ತದೆ, ಇಂಗ್ಲಿಷಿನವರೂ ಹಾಗೆ ಹೇಳುವುದುಂಟು.

‘ಇಫ್’ ಮತ್ತು ‘ವೆನ್’ ಅದಲುಬದಲಾದರೆ ಮಾತ್ರ ಅರ್ಥವೇ ಬೇರೆಯಾಗುತ್ತದೆ. ‘ವೆನ್ ಹಿ ಕಾಲ್ಸ್’ ಎಂದರೆ ಕರೆ ಬಂದೇ ಬರುತ್ತದೆ, ಸಮಯವಷ್ಟೇ ತಿಳಿದಿಲ್ಲ. ‘ಇಫ್ ಹಿ ಕಾಲ್ಸ್’ ಎಂದರೆ ಬರಲೂಬಹುದು, ಬರದೆಯೂ ಇರಬಹುದು.

‘-ತ್ತಿದ್ದೆ’ ಎಂಬ ಮೂರು ಮುಖದ ರೂಪ

ನಿಜವಾದ ತೊಡಕು ಇರುವುದು ಇಲ್ಲಿ. ‘ಹೋಗುತ್ತಿದ್ದೆ’, ‘ಕೊಡುತ್ತಿದ್ದೆ’, ‘ಹೇಳುತ್ತಿದ್ದೆ’ ಎಂಬ ರೂಪ ಷರತ್ತಿನ ಜೊತೆ ಬಂದಾಗ ಮೂರು ಅರ್ಥ ಕೊಡಬಲ್ಲದು, ಇಂಗ್ಲಿಷಿನಲ್ಲಿ ಮೂರಕ್ಕೂ ಬೇರೆ ಕಟ್ಟಡ.

ಒಂದು, ಈಗಿನ ಕಲ್ಪನೆ. ‘ನನ್ನ ಹತ್ತಿರ ಬೀಗದ ಕೈ ಇದ್ದರೆ ಬಾಗಿಲು ತೆಗೆಯುತ್ತಿದ್ದೆ’ ಎಂದು ಬಾಗಿಲ ಮುಂದೆ ನಿಂತು ಹೇಳಿದರೆ, ‘ಇಫ್ ಐ ಹ್ಯಾಡ್ ದ ಕೀ, ಐ ವುಡ್ ಓಪನ್ ದ ಡೋರ್’. ಇದು ಸೆಕೆಂಡ್ ಕಂಡೀಷನಲ್: ‘ಇಫ್’ ಕಡೆ ಭೂತಕಾಲ, ಇನ್ನೊಂದು ಕಡೆ ‘ವುಡ್’ ಮತ್ತು ಕ್ರಿಯಾಪದದ ಮೂಲರೂಪ.

ಎರಡು, ಕಳೆದುಹೋದ ಸಂದರ್ಭದ ಕಲ್ಪನೆ. ಅದೇ ವಾಕ್ಯವನ್ನು ಮರುದಿನ ಹೇಳಿದರೆ ‘ಇಫ್ ಐ ಹ್ಯಾಡ್ ಹ್ಯಾಡ್ ದ ಕೀ, ಐ ವುಡ್ ಹ್ಯಾವ್ ಓಪನ್ಡ್ ದ ಡೋರ್’. ‘ಹ್ಯಾಡ್ ಹ್ಯಾಡ್’ ಕೈತಪ್ಪಿ ಬಂದದ್ದಲ್ಲ. ಮೊದಲನೆಯದು ಸಹಾಯಕ ಕ್ರಿಯಾಪದ, ಎರಡನೆಯದು ‘ಹ್ಯಾವ್’ ಎಂಬುದರ ಮೂರನೇ ರೂಪ. ಇದು ಥರ್ಡ್ ಕಂಡೀಷನಲ್.

ಮೂರು, ಹಳೆಯ ರೂಢಿ. ‘ಮಳೆ ಬಂದರೆ ಒಳಗೆ ಆಡುತ್ತಿದ್ದೆವು’ ಎಂಬುದರಲ್ಲಿ ಕಲ್ಪನೆಯೇ ಇಲ್ಲದಿರಬಹುದು. ಮಳೆ ಬರುತ್ತಿತ್ತು, ಮಕ್ಕಳು ಒಳಗೆ ಆಡುತ್ತಲೂ ಇದ್ದರು. ಆಗ ‘ಇಫ್ ಇಟ್ ರೇನ್ಡ್, ವಿ ಪ್ಲೇಡ್ ಇನ್‌ಸೈಡ್’. ಇದು ಝೀರೋ ಕಂಡೀಷನಲ್‌ನ ಭೂತಕಾಲದ ರೂಪ. ನಾಲ್ಕರ ಪಟ್ಟಿಯಲ್ಲಿ ಇದಕ್ಕೆ ಹೆಸರಿಲ್ಲ ಎಂಬ ಕಾರಣಕ್ಕೆ ಇದು ತಪ್ಪು ಎಂದುಕೊಳ್ಳುವವರಿದ್ದಾರೆ. ಇಲ್ಲಿ ‘ವಿ ವುಡ್ ಪ್ಲೇ’ ಎಂದೂ ಹೇಳಬಹುದು. ಹಾಗೆ ಹೇಳಿದರೆ ಅದು ಸೆಕೆಂಡ್ ಕಂಡೀಷನಲ್‌ನಂತೆಯೇ ಕಾಣುತ್ತದೆ, ಅರ್ಥವನ್ನು ಸುತ್ತಲಿನ ಮಾತು ತೀರ್ಮಾನಿಸುತ್ತದೆ. ಗೊಂದಲ ಬೇಡವೆಂದರೆ ಎರಡೂ ಕಡೆ ಸರಳ ಭೂತಕಾಲ ಬಳಸಿ.

ಈ ಮೂರರಲ್ಲಿ ನಿಮ್ಮದು ಯಾವುದು ಎಂದು ಪತ್ತೆಹಚ್ಚಲು ಕನ್ನಡವೇ ಒಂದು ಸಾಧನ ಕೊಡುತ್ತದೆ. ಕನ್ನಡದಲ್ಲಿ ‘ಗೊತ್ತಿದ್ದಿದ್ದರೆ ಹೇಳಿರುತ್ತಿದ್ದೆ’ ಎಂಬ ಉದ್ದನೆಯ ರೂಪವೂ ಇದೆ, ಮಾತಿನ ಅವಸರದಲ್ಲಿ ನಾವು ಅದನ್ನು ಮೊಟಕುಗೊಳಿಸುತ್ತೇವೆ ಅಷ್ಟೇ. ನಿಮ್ಮ ವಾಕ್ಯವನ್ನು ಆ ಉದ್ದನೆಯ ರೂಪಕ್ಕೆ ತಿರುಗಿಸಿ ನೋಡಿ. ‘ಇದ್ದಿದ್ದರೆ’, ‘-ಇರುತ್ತಿದ್ದೆ’ ಎಂದರೂ ನೀವು ಹೇಳಬೇಕೆಂದಿದ್ದ ಅರ್ಥವೇ ಬಂದರೆ ಥರ್ಡ್. ಹಾಗೆ ತಿರುಗಿಸಿದ ಕೂಡಲೇ ಮಾತು ನಿನ್ನೆಗೆ ಜಾರಿತು ಎನಿಸಿದರೆ ಸೆಕೆಂಡ್. ‘ಆಗೆಲ್ಲ’ ಎಂಬ ಪದ ಸಲೀಸಾಗಿ ಕೂತರೆ ರೂಢಿ. ಮೊದಮೊದಲು ಇದನ್ನು ಕಾಗದದ ಮೇಲೆ ಮಾಡಬೇಕಾಗುತ್ತದೆ, ಕ್ರಮೇಣ ಬಾಯಿ ತೆರೆಯುವ ಮೊದಲೇ ಆಗಿಹೋಗುತ್ತದೆ.

ಸೆಕೆಂಡ್ ಕಂಡೀಷನಲ್‌ನಲ್ಲಿ ‘ಬಿ’ ಕ್ರಿಯಾಪದ ಬಂದಾಗ ‘ಐ’, ‘ಹಿ’, ‘ಶಿ’, ‘ಇಟ್’ ಎಲ್ಲಕ್ಕೂ ‘ವರ್’ ಬರುತ್ತದೆ: ‘ಇಫ್ ಐ ವರ್ ಯು, ಐ ವುಡ್ ವೇಟ್’, ಅಂದರೆ ನಿನ್ನ ಜಾಗದಲ್ಲಿ ನಾನಿದ್ದರೆ ಕಾಯುತ್ತಿದ್ದೆ. ಮಾತಿನಲ್ಲಿ ‘ಇಫ್ ಐ ವಾಸ್’, ‘ಇಫ್ ಹಿ ವಾಸ್’ ಧಾರಾಳವಾಗಿ ಕೇಳಿಬರುತ್ತದೆ. ಪರೀಕ್ಷೆಯಲ್ಲಿ, ಔಪಚಾರಿಕ ಬರವಣಿಗೆಯಲ್ಲಿ ‘ವರ್’ ಬಳಸುವುದೇ ಕ್ಷೇಮ. ‘ಇಫ್ ಐ ವರ್ ಯು’ ಎಂಬ ನುಡಿಗಟ್ಟಿನಲ್ಲಂತೂ ‘ವರ್’ ಬಿಡಬೇಡಿ.

ಇದೇ ರೂಪ ವಿನಯಕ್ಕೂ ಒದಗುತ್ತದೆ. ‘ಇಟ್ ವುಡ್ ಬಿ ಗ್ರೇಟ್ ಇಫ್ ಯು ಸೆಂಟ್ ಇಟ್ ಟುಡೇ’ ಎಂದಾಗ, ಇವತ್ತೇ ಕಳಿಸುವುದು ಅಸಾಧ್ಯ ಎಂದೇನೂ ಅರ್ಥವಲ್ಲ. ಮಾತನ್ನು ಒಂದು ಹೆಜ್ಜೆ ದೂರ ಇಟ್ಟು, ಕೇಳಿಸಿಕೊಳ್ಳುವವರಿಗೆ ‘ಆಗುವುದಿಲ್ಲ’ ಎನ್ನಲು ಜಾಗ ಬಿಟ್ಟಂತೆ. ನಾವು ‘ಇವತ್ತೇ ಕಳಿಸಿದ್ದರೆ ಚೆನ್ನಾಗಿರುತ್ತಿತ್ತು’ ಎನ್ನುವುದಿಲ್ಲ, ಅದು ದೂರಿನಂತೆ ಕೇಳಿಸುತ್ತದೆ. ‘ಕಳಿಸಿದರೆ ಚೆನ್ನಾಗಿರುತ್ತೆ’ ಎನ್ನುತ್ತೇವೆ. ಅದನ್ನೇ ನೇರವಾಗಿ ಇಂಗ್ಲಿಷಿಗೆ ತಂದರೆ ವಾಕ್ಯ ತಪ್ಪಾಗುವುದಿಲ್ಲ, ಸ್ವಲ್ಪ ಬಿರುಸಾಗುತ್ತದೆ.

ಥರ್ಡ್ ಕಂಡೀಷನಲ್ ಕೆಡುವ ಬಗೆಗಳು

ಸೂತ್ರ ಸ್ಪಷ್ಟವಾಗಿದೆ: ‘ಇಫ್’ ಕಡೆ ‘ಹ್ಯಾಡ್’ ಮತ್ತು ಮೂರನೇ ರೂಪ, ಫಲದ ಕಡೆ ‘ವುಡ್ ಹ್ಯಾವ್’ ಮತ್ತು ಮೂರನೇ ರೂಪ. ಆದರೂ ಅತಿ ಹೆಚ್ಚು ತಪ್ಪುಗಳಾಗುವುದು ಇಲ್ಲೇ, ಯಾಕೆಂದರೆ ಒಂದೇ ವಾಕ್ಯದಲ್ಲಿ ಸರಿಯಾಗಬೇಕಾದ ಅಂಶಗಳು ಹಲವು.

‘ಇಫ್ ಐ ವುಡ್ ಹ್ಯಾವ್ ನೋನ್’ ಎಂಬುದು ಮೊದಲ ತಪ್ಪು. ಎರಡೂ ಕಡೆ ಒಂದೇ ರೂಪ ಇಟ್ಟರೆ ಸಮ ಎನಿಸುತ್ತದೆ, ಅದಕ್ಕೇ ಬಾಯಿಗೆ ಬರುತ್ತದೆ. ಅಮೆರಿಕದ ಆಡುಮಾತಿನಲ್ಲಿ ಇದು ಕೇಳಸಿಗುತ್ತದೆ, ಬರವಣಿಗೆಯಲ್ಲಿ ಮಾತ್ರ ತಪ್ಪು ಎಂದೇ ಲೆಕ್ಕ. ‘ವುಡ್ ಹ್ಯಾವ್ ಕೇಮ್’, ‘ವುಡ್ ಹ್ಯಾವ್ ವೆಂಟ್’ ಎರಡನೆಯದು. ಎರಡನೇ ರೂಪದ ಬದಲು ‘ಕಮ್’, ‘ಗಾನ್’ ಬೇಕು. ‘ಶಿ ವುಡ್ ಹ್ಯಾಸ್ ಗಾನ್’ ಮೂರನೆಯದು. ‘ವುಡ್’ ಮುಂದೆ ಕರ್ತೃ ಯಾರೇ ಇರಲಿ ‘ಹ್ಯಾವ್’ ಬದಲಾಗುವುದಿಲ್ಲ.

ಕೇಳುವಾಗಿನ ಕಷ್ಟ ಬೇರೆ. ಮಾತಿನಲ್ಲಿ ‘ಐ ಹ್ಯಾಡ್’ ಕೂಡ ‘ಐಡ್’, ‘ಐ ವುಡ್’ ಕೂಡ ‘ಐಡ್’. ಮುಂದಿರುವ ಪದವನ್ನು ನೋಡಿ. ‘ಐಡ್ ಗೋ’ ಎಂದರೆ ಮೂಲರೂಪ ಬಂದಿದೆ, ಅದು ‘ವುಡ್’. ‘ಐಡ್ ಗಾನ್’ ಎಂದರೆ ‘ಹ್ಯಾಡ್’. ‘ಕಮ್’, ‘ಪುಟ್’, ‘ಕಟ್’ ಮುಂತಾದವುಗಳ ಮೂಲರೂಪವೂ ಮೂರನೇ ರೂಪವೂ ಒಂದೇ ಆದ್ದರಿಂದ ಅಲ್ಲಿ ಈ ಗುರುತು ಸಿಗದು. ಆಗ ‘ಇಫ್’ ಕಡೆ ಇರುವುದು ‘ಹ್ಯಾಡ್’ ಎಂದು ಹಿಡಿಯಿರಿ. ಇನ್ನು ‘ವುಡ್ ಹ್ಯಾವ್’ ಎಂಬುದು ವೇಗದ ಮಾತಿನಲ್ಲಿ ‘ವುಡವ್’ ಎಂದು ಕರಗಿಹೋಗುತ್ತದೆ. ಅದನ್ನು ಕಿವಿಯಲ್ಲಿ ಕೇಳಿದಂತೆ ಬರೆದು ‘ಹ್ಯಾವ್’ ಇರಬೇಕಾದಲ್ಲಿ ‘ಆಫ್’ ಇಡುವ ತಪ್ಪನ್ನು ಹುಟ್ಟಾ ಇಂಗ್ಲಿಷ್ ಮಾತಾಡುವವರೂ ಮಾಡುತ್ತಾರೆ.

ಎರಡು ಭಾಗದ ಕಾಲ ಬೇರೆಯಾದಾಗ

ಷರತ್ತು ನಿನ್ನೆಯದು, ಫಲ ಇವತ್ತಿನದು ಆಗಿರಬಹುದು. ‘ಆಗ ಆ ಕೋರ್ಸ್ ಮುಗಿಸಿದ್ದರೆ ಈಗ ಕೆಲಸದಲ್ಲಿರುತ್ತಿದ್ದೆ’ ಎಂಬುದು ‘ಇಫ್ ಐ ಹ್ಯಾಡ್ ಫಿನಿಶ್ಡ್ ದ ಕೋರ್ಸ್, ಐ ವುಡ್ ಹ್ಯಾವ್ ಅ ಜಾಬ್ ನೌ’ ಆಗುತ್ತದೆ. ಈ ವಾಕ್ಯದ ‘ವುಡ್ ಹ್ಯಾವ್’ ನೋಡಿ ಥರ್ಡ್ ಎಂದು ಮೋಸಹೋಗಬೇಡಿ. ಇಲ್ಲಿ ‘ಹ್ಯಾವ್’ ಎಂದರೆ ಇರುವುದು, ಅದೇ ಮುಖ್ಯ ಕ್ರಿಯಾಪದ. ತಿರುಗುಮುರುಗೂ ಸಾಧ್ಯ: ಸ್ವಭಾವ ಇಂದಿಗೂ ಇರುವಂಥದ್ದು, ಫಲ ಆಗಿಹೋದದ್ದು. ‘ಅವನು ಸೋಮಾರಿಯಲ್ಲದಿದ್ದರೆ ನಿನ್ನೆಯೇ ಮುಗಿಸಿರುತ್ತಿದ್ದ’ ಎಂದರೆ ‘ಇಫ್ ಹಿ ವರ್ನ್ಟ್ ಲೇಜಿ, ಹಿ ವುಡ್ ಹ್ಯಾವ್ ಫಿನಿಶ್ಡ್ ಇಟ್ ಯೆಸ್ಟರ್ಡೇ’. ಇವುಗಳಿಗೆ ಮಿಕ್ಸ್ಡ್ ಕಂಡೀಷನಲ್ ಎಂಬ ಹೆಸರಿದೆ, ಹೊಸ ನಿಯಮವೇನೂ ಇಲ್ಲ. ಎರಡು ಪ್ರಶ್ನೆಗಳನ್ನು ಒಂದೊಂದು ಭಾಗಕ್ಕೂ ಪ್ರತ್ಯೇಕವಾಗಿ ಕೇಳಿದರೆ ರೂಪ ತಾನಾಗಿ ಸಿಗುತ್ತದೆ.

‘ಇಫ್’ ಮುಂದೆ ‘ವಿಲ್’ ಬಂದರೂ ಸರಿಯಾಗುವ ಜಾಗಗಳು

‘ಇಫ್ ಜೊತೆ ವಿಲ್ ಇಲ್ಲವೇ ಇಲ್ಲ’ ಎಂದು ಕಲಿಸುವುದು ಅರ್ಧಸತ್ಯ. ‘ಐ ಡೋಂಟ್ ನೋ ಇಫ್ ಹಿ ವಿಲ್ ಕಮ್’ ಪೂರ್ತಿ ಸರಿಯಾದ ವಾಕ್ಯ. ‘ಅವನು ಬರುತ್ತಾನೋ ಇಲ್ಲವೋ ಗೊತ್ತಿಲ್ಲ’ ಎಂಬುದರ ‘ಓ’ಕಾರದ ಕೆಲಸವನ್ನು ಅಲ್ಲಿ ‘ಇಫ್’ ಮಾಡುತ್ತಿದೆ. ಅದು ಷರತ್ತೇ ಅಲ್ಲ. ಆ ಜಾಗದಲ್ಲಿ ‘ವೆದರ್’ ಹಾಕಿ ನೋಡಿ, ವಾಕ್ಯ ನಿಂತರೆ ‘ವಿಲ್’ ಇರಬಹುದು.

ಇನ್ನೊಂದು, ಒಪ್ಪಿಗೆ ಅಥವಾ ಮನಸ್ಸು ಸೂಚಿಸುವ ‘ವಿಲ್’. ‘ಇಫ್ ಯು ವಿಲ್ ವೇಟ್ ಹಿಯರ್, ಐ ವಿಲ್ ಕಾಲ್ ಹರ್’ ಎಂದರೆ ‘ಇಲ್ಲಿ ಕಾಯುವಿರಾದರೆ’ ಎಂಬ ಸೌಜನ್ಯ. ಇದು ಔಪಚಾರಿಕ ಶೈಲಿ, ಓದುವಾಗ ಗುರುತಿಸಿದರೆ ಸಾಕು.

‘ಇಫ್’ನ ನೆರೆಹೊರೆ

‘ಅನ್‌ಲೆಸ್’ ತನ್ನೊಳಗೇ ನಿಷೇಧವನ್ನು ಇಟ್ಟುಕೊಂಡ ಪದ. ‘ನೀನು ಓದದಿದ್ದರೆ ಪಾಸಾಗುವುದಿಲ್ಲ’ ಎಂಬುದನ್ನು ‘ಅನ್‌ಲೆಸ್ ಯು ಸ್ಟಡಿ, ಯು ವಿಲ್ ನಾಟ್ ಪಾಸ್’ ಎನ್ನಬೇಕು. ‘ಓದದಿದ್ದರೆ’ ಎಂಬ ನಿಷೇಧ ಕಣ್ಣಮುಂದಿರುವುದರಿಂದ ‘ಅನ್‌ಲೆಸ್ ಯು ಡೋಂಟ್ ಸ್ಟಡಿ’ ಎಂದುಬಿಡುತ್ತೇವೆ, ಆಗ ಓದಿದವರು ಫೇಲಾಗುತ್ತಾರೆ. ‘ಓದದ ಹೊರತು’ ಎಂದು ಮನಸ್ಸಿನಲ್ಲಿ ಹೇಳಿಕೊಂಡರೂ ಇದೇ ಅಪಾಯ; ‘ಓದಿದರೆ ಮಾತ್ರ’ ಎಂದುಕೊಂಡು ‘ಓದಿದರೆ’ ಎಂಬ ಭಾಗವನ್ನಷ್ಟೇ ‘ಅನ್‌ಲೆಸ್’ ಮುಂದೆ ಇಡುವುದು ಸುರಕ್ಷಿತ.

‘ಇನ್ ಕೇಸ್’ ಮುನ್ನೆಚ್ಚರಿಕೆಯ ಪದ. ‘ಟೇಕ್ ಆ್ಯನ್ ಅಂಬ್ರೆಲಾ ಇನ್ ಕೇಸ್ ಇಟ್ ರೇನ್ಸ್’ ಎಂದರೆ ಮಳೆ ಬರಬಹುದೆಂದು ಕೊಡೆಯನ್ನು ಈಗಲೇ ತೆಗೆದುಕೊಳ್ಳುವುದು. ಅದರ ಬದಲು ‘ಇಫ್’ ಹಾಕಿದರೆ ಮಳೆ ಬಂದ ಮೇಲೆ ಕೊಡೆ ಹುಡುಕಬೇಕು. ನಮ್ಮ ‘ಒಂದು ವೇಳೆ’ ಎರಡಕ್ಕೂ ಸಲ್ಲುವುದರಿಂದ ಈ ಗೊಂದಲ. ‘ಇನ್ ಕೇಸ್ ಆಫ್’ ಮಾತ್ರ ಬೇರೆ. ‘ಇನ್ ಕೇಸ್ ಆಫ್ ಫೈರ್’ ಎಂಬ ಫಲಕದ ಅರ್ಥ ಬೆಂಕಿ ಬಿದ್ದಾಗ ಎಂದೇ.

‘ಬಂದರೂ’ ಎಂಬುದಕ್ಕೂ ಎರಡು ಉತ್ತರ. ‘ಮಳೆ ಬಂದರೂ ಹೋಗುತ್ತೇನೆ’ ಎಂದರೆ ಮಳೆ ಇನ್ನೂ ಬಂದಿಲ್ಲ, ‘ಈವನ್ ಇಫ್ ಇಟ್ ರೇನ್ಸ್’. ‘ಮಳೆ ಬಂದರೂ ಹೋದೆ’ ಎಂದರೆ ಮಳೆ ಬಂದದ್ದು ನಿಜ, ‘ಈವನ್ ದೋ ಇಟ್ ರೇನ್ಡ್’. ಕೊನೆಯ ಕ್ರಿಯಾಪದ ನೋಡಿದರೆ ಯಾವುದೆಂದು ಗೊತ್ತಾಗುತ್ತದೆ.

ಓದುವಾಗ ‘ಇಫ್’ ಇಲ್ಲದ ಷರತ್ತುಗಳೂ ಸಿಗುತ್ತವೆ. ‘ಹ್ಯಾಡ್ ಐ ನೋನ್’, ‘ವರ್ ಹಿ ಹಿಯರ್’, ‘ಶುಡ್ ಯು ನೀಡ್ ಹೆಲ್ಪ್’ ಎಂದು ಸಹಾಯಕ ಕ್ರಿಯಾಪದ ಮುಂದೆ ಬಂದು, ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಇಲ್ಲದಿದ್ದರೆ ಅದು ‘ಇಫ್’ ಬಿಟ್ಟುಹೋದ ಷರತ್ತು. ಮೂರನೆಯದು ಕಚೇರಿ ಪತ್ರಗಳ ಕೊನೆಯಲ್ಲಿ ಸಾಮಾನ್ಯ. ಬರವಣಿಗೆಯಲ್ಲಿ ಇನ್ನೊಂದು ಸಣ್ಣ ವಿಷಯ: ‘ಇಫ್’ ಭಾಗ ಮೊದಲು ಬಂದರೆ ಅದರ ಕೊನೆಗೆ ಅಲ್ಪವಿರಾಮ, ಫಲದ ಭಾಗ ಮೊದಲು ಬಂದರೆ ಸಾಮಾನ್ಯವಾಗಿ ಬೇಡ. ‘ಬಂದರೆ’ ಎಂಬುದರ ಗುಂಗಿನಲ್ಲಿ ‘ಇಫ್ ಹಿ ಕಮ್ಸ್ ಮೀನ್ಸ್’ ಎನ್ನುವ ಅಭ್ಯಾಸವಿದ್ದರೆ ‘ಮೀನ್ಸ್’ ಕಿತ್ತುಹಾಕಿ. ಅದು ನಮ್ಮ ‘ಅಂದರೆ’ಯ ನೆರಳು, ಇಂಗ್ಲಿಷಿನಲ್ಲಿ ಅದಕ್ಕೆ ಜಾಗವಿಲ್ಲ.

ಅಭ್ಯಾಸಕ್ಕೆ ಬೇರೆ ಬೇರೆ ವಾಕ್ಯಗಳ ರಾಶಿ ಬೇಡ. ಒಂದೇ ಘಟನೆಯನ್ನು ಹಿಡಿದು ಎಲ್ಲ ರೂಪಗಳಲ್ಲೂ ತಿರುಗಿಸಿ. ಬಸ್ ತಪ್ಪುವುದನ್ನೇ ತೆಗೆದುಕೊಳ್ಳಿ. ಯಾವಾಗಲೂ ಹೀಗೇ ಎಂದರೆ ‘ಇಫ್ ಐ ಮಿಸ್ ದ ಬಸ್, ಐ ವಾಕ್’. ಇವತ್ತು ತಪ್ಪಬಹುದು ಎಂದರೆ ‘ಇಫ್ ಐ ಮಿಸ್ ದ ಬಸ್, ಐ ವಿಲ್ ವಾಕ್’. ತಪ್ಪಲಾರದು, ಸುಮ್ಮನೆ ಊಹೆ ಎಂದರೆ ‘ಇಫ್ ಐ ಮಿಸ್ಡ್ ದ ಬಸ್, ಐ ವುಡ್ ವಾಕ್’. ನಿನ್ನೆ ತಪ್ಪಲಿಲ್ಲ, ತಪ್ಪಿದ್ದರೆ ಎಂದಾದರೆ ‘ಇಫ್ ಐ ಹ್ಯಾಡ್ ಮಿಸ್ಡ್ ದ ಬಸ್, ಐ ವುಡ್ ಹ್ಯಾವ್ ವಾಕ್ಡ್’. ಆಮೇಲೆ ತಿರುಗಿಸಿ, ಬಸ್ ತಪ್ಪಿಯೇ ಬಿಟ್ಟಿದೆ, ಈಗ ನಡುದಾರಿಯಲ್ಲಿದ್ದೀರಿ ಎಂದುಕೊಂಡು ‘ತಪ್ಪದಿದ್ದರೆ ಈಗ ಮನೆಯಲ್ಲಿರುತ್ತಿದ್ದೆ’ ಎಂಬುದನ್ನು ಬರೆಯಿರಿ: ‘ಇಫ್ ಐ ಹ್ಯಾಡ್ ನಾಟ್ ಮಿಸ್ಡ್ ದ ಬಸ್, ಐ ವುಡ್ ಬಿ ಅಟ್ ಹೋಮ್ ನೌ’. ಇಲ್ಲಿ ‘ವುಡ್ ಹ್ಯಾವ್ ಬೀನ್’ ಎಂದು ಬರೆದಿದ್ದರೆ ‘ಈಗ’ ಎಂಬ ಪದ ನಿಮ್ಮ ಕಣ್ತಪ್ಪಿದೆ.